ಒಂದು ವಿಶ್ವವಿದ್ಯಾಲಯ, ನಲವತ್ತು ಅಡುಗೆಮನೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ನೇ ಇಸವಿಯ ಒಂದು ಶಾಸನ ಸಿಕ್ಕಿದೆ. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ನಾನಾ ಜನಪದಗಳಿಂದ ಹುಡುಗರು ಓದಲು ಬರುತ್ತಿದ್ದರು. ಅವರು ಇಳಿದುಕೊಳ್ಳಲು 27 ಮನೆಗಳಿದ್ದವು. ದೀಪದ ಖರ್ಚಿಗೆಂದೇ ಬೇರೆ ಭೂಮಿ ಬಿಟ್ಟಿದ್ದರು. ಊರಿನಲ್ಲಿ ಮದುವೆ, ಮುಂಜಿ, ಚೌಲ ನಡೆದಾಗಲೆಲ್ಲ ಇಂತಿಷ್ಟು ಹಣ ಶಾಲೆಗೆ ಸಲ್ಲಬೇಕೆಂಬ ಕಟ್ಟುಪಾಡೂ ಇತ್ತು. ಆಕ್ಸ್‌ಫರ್ಡ್‌ನಲ್ಲಿ ಯಾರೋ ಪಾಠ ಹೇಳುತ್ತಿದ್ದರು ಎನ್ನುವುದಕ್ಕೆ ಸಿಗುವ ಮೊದಲ ಕುರುಹು 1096ರದು. ನಮ್ಮಲ್ಲೇ ಮೊದಲಿತ್ತು ಎಂದು ಎದೆ ತಟ್ಟಿಕೊಳ್ಳಲು ಈ ಮಾತು ಎತ್ತಲಿಲ್ಲ. ಸಾಲೋಟಗಿಯ ಶಾಲೆ ಉಳಿಯಲಿಲ್ಲ, ಆಕ್ಸ್‌ಫರ್ಡ್ ಉಳಿಯಿತು. ಅಲ್ಲಿಗೆ ಆ ಜಂಬ ಮುಗಿಯಿತು. ಆದರೆ ದೂರದಿಂದ ಓದಲು ಬಂದವನಿಗೆ ಪಾಠಕ್ಕಿಂತ ಮೊದಲು ಸೂರು, ಊಟ, ಬೆಳಕು ಬೇಕು ಎನ್ನುವುದನ್ನು ಎರಡೂ ಕಡೆಯವರು ಕಂಡುಕೊಂಡಿದ್ದರು. ಇಂಗ್ಲೆಂಡಿನ ಕಾಲೇಜುಗಳು ಹುಟ್ಟಿದ್ದು ಈ ಮೂರರ ಏರ್ಪಾಟಾಗಿ. ಇವತ್ತು ಹಾಸನದಿಂದಲೋ ಕಲಬುರಗಿಯಿಂದಲೋ ಅಲ್ಲಿಗೆ ಹೋಗುವ ವಿದ್ಯಾರ್ಥಿಯ ಸುಖದುಃಖವನ್ನು ತೀರ್ಮಾನಿಸುವುದೂ ಇವೇ ಮೂರು.

ನಮ್ಮಲ್ಲಿ ಕಾಲೇಜು ಎಂದರೆ ಪಾಠ ನಡೆಯುವ ಕಟ್ಟಡ, ವಿಶ್ವವಿದ್ಯಾಲಯ ಎಂದರೆ ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವ ದೊಡ್ಡ ಕಚೇರಿ. ಆಕ್ಸ್‌ಫರ್ಡ್‌ಗೋ ಕೇಂಬ್ರಿಜ್‌ಗೋ ಹೊರಟವರು ಮೊದಲು ಎಡವುವುದು ಇಲ್ಲೇ. ಅಲ್ಲಿ ಉಪನ್ಯಾಸ, ಪ್ರಯೋಗಾಲಯ, ಪರೀಕ್ಷೆ, ಪದವಿ ಇವೆಲ್ಲ ವಿಶ್ವವಿದ್ಯಾಲಯದ್ದು. ಕೋಣೆ, ಊಟ, ಜ್ವರ ಬಂದರೆ ವಿಚಾರಿಸುವವರು, ಪದವಿ ತರಗತಿಯವರಿಗಾದರೆ ಎದುರು ಕೂರಿಸಿಕೊಂಡು ಕಲಿಸುವ ಗುರು, ಇವು ಕಾಲೇಜಿನದು. ಒಂದೇ ವಿಷಯ ಓದುವವರು ಊರಿನ ಮೂವತ್ತು ಕಾಲೇಜುಗಳಲ್ಲಿ ಚದುರಿರುತ್ತಾರೆ. ಒಂದೇ ಕಾಲೇಜಿನ ಊಟದ ಮೇಜಿಗೆ ವೈದ್ಯಕೀಯದವನು, ಸಂಸ್ಕೃತದವಳು, ಗಣಿತದವನು ಒಟ್ಟಿಗೆ ಕೂರುತ್ತಾರೆ. ಕೇಂಬ್ರಿಜ್‌ನಲ್ಲಿ 31 ಕಾಲೇಜುಗಳು, ಆಕ್ಸ್‌ಫರ್ಡ್‌ನಲ್ಲಿ ಸಣ್ಣಪುಟ್ಟ ಹಾಲ್‌ಗಳನ್ನೂ ಸೇರಿಸಿದರೆ ನಲವತ್ತಕ್ಕೂ ಹೆಚ್ಚು. ಬಹುಮಟ್ಟಿಗೆ ಪ್ರತಿಯೊಂದಕ್ಕೂ ತನ್ನದೇ ಆಸ್ತಿ, ತನ್ನದೇ ಕಾನೂನು, ತನ್ನದೇ ಗ್ರಂಥಾಲಯ, ತನ್ನದೇ ಒಲೆ. ಉತ್ತರದ ಡರ್ಹಮ್ ಕೂಡ ಈ ಜಾತಿಯದೇ. 1832ರಲ್ಲಿ ಶುರುವಾದ ಅಲ್ಲಿ 17 ಕಾಲೇಜುಗಳಿವೆ. ಆದರೆ ಅಲ್ಲಿ ಪಾಠವೆಲ್ಲ ವಿಭಾಗಗಳಲ್ಲಿ, ಕಾಲೇಜು ವಾಸಕ್ಕೆ ಮಾತ್ರ. ಹಾಗಾಗಿ ಇಲ್ಲಿನ ಮಾತು ಮುಖ್ಯವಾಗಿ ಮೊದಲೆರಡರದ್ದು.

1167ರ ಸುಮಾರಿಗೆ ಎರಡನೇ ಹೆನ್ರಿ ದೊರೆ ಇಂಗ್ಲಿಷ್ ವಿದ್ಯಾರ್ಥಿಗಳು ಪ್ಯಾರಿಸ್‌ಗೆ ಹೋಗಕೂಡದೆಂದು ತಡೆದ. ಆಮೇಲೆ ಆಕ್ಸ್‌ಫರ್ಡ್ ಬೆಳೆಯಿತು. 1209ರಲ್ಲಿ ಊರವರೊಂದಿಗೆ ಜಗಳವಾಗಿ ಒಂದಷ್ಟು ಜನ ಓಡಿಹೋಗಿ ಕೇಂಬ್ರಿಜ್‌ನಲ್ಲಿ ನೆಲೆಯೂರಿದರು. ಆಗ ವಿದ್ಯಾರ್ಥಿಗಳು ಬಾಡಿಗೆ ಕೋಣೆಗಳಲ್ಲಿ ಹೇಗೋ ದಿನ ದೂಡುತ್ತಿದ್ದರು. 1264ರಲ್ಲಿ ವಾಲ್ಟರ್ ಡಿ ಮರ್ಟನ್ ಎಂಬಾತ ಜಮೀನು ಬರೆದುಕೊಟ್ಟು, ಅದರ ಉತ್ಪತ್ತಿಯಲ್ಲಿ ಒಂದಿಷ್ಟು ಜನ ಓದುವವರು ಉಂಡು ಮಲಗಲಿ ಎಂದು ಏರ್ಪಾಟು ಮಾಡಿದ. ಅದೇ ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜು. ಕೇಂಬ್ರಿಜ್‌ನ ಮೊದಲ ಕಾಲೇಜು ಪೀಟರ್‌ಹೌಸ್ 1284ರದು. ದತ್ತಿ, ಜಮೀನು, ಪ್ರಾರ್ಥನೆ, ಪಂಕ್ತಿಯೂಟ: ತುಮಕೂರಿನ ಸಿದ್ಧಗಂಗೆಯಂಥ ಮಠದ ಹಾಸ್ಟೆಲ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ಜಗತ್ತಿನ ದುಬಾರಿ ಓದುಗಳಲ್ಲಿ ಒಂದಾದದ್ದು ಹುಟ್ಟುವಾಗ ಬಡ ಹುಡುಗರ ಉಚಿತ ಹಾಸ್ಟೆಲ್ ಆಗಿತ್ತು ಎಂಬುದನ್ನು ಮಾತ್ರ ಕೊನೆಯವರೆಗೂ ನೆನಪಿಟ್ಟುಕೊಳ್ಳಿ.

ಪರಸ್ಥಳದ ವಿದ್ಯಾರ್ಥಿಗಳಿಗೂ ಊರವರಿಗೂ ಆಗಿಬರುತ್ತಿರಲಿಲ್ಲ. 1355ರ ಫೆಬ್ರವರಿ 10ರಂದು ಆಕ್ಸ್‌ಫರ್ಡ್‌ನ ಒಂದು ಪಾನಗೃಹದಲ್ಲಿ ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ಶುರುವಾದ ಜಗಳ ಮೂರು ದಿನದ ಹೊಡೆದಾಟವಾಗಿ, 63 ಮಂದಿ ವಿದ್ಯಾರ್ಥಿಗಳು ಸತ್ತರೆಂದು ಲೆಕ್ಕ. ಅದಕ್ಕೆ ಪ್ರಾಯಶ್ಚಿತ್ತವಾಗಿ ಊರಿನ ಮೇಯರ್ ವರ್ಷಕ್ಕೊಮ್ಮೆ 63 ಪೆನ್ನಿ ಕಾಣಿಕೆ ಒಪ್ಪಿಸುವ ಪದ್ಧತಿ 1825ರವರೆಗೂ ನಡೆಯಿತು. ನಮ್ಮ ತಾಳಗುಂದದ ಶಾಸನದಲ್ಲೂ ಇಂಥದೇ ಒಂದು ಕಥೆಯಿದೆ: ಓದಲೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗಿ ಅವಮಾನಗೊಂಡು, ಓದು ಬಿಟ್ಟು ಖಡ್ಗ ಹಿಡಿದು ರಾಜ್ಯವನ್ನೇ ಕಟ್ಟಿದ. ಹೊರನಾಡಿನ ವಿದ್ಯಾರ್ಥಿಗೆ ಆದ ಅವಮಾನ ಇಷ್ಟು ದೂರ ಹೋದದ್ದು ಇನ್ನೆಲ್ಲೂ ಇರಲಾರದು.

ಭಾರತೀಯರ ಪಾಲಿಗೆ ಈ ಬಾಗಿಲು ತೆರೆದದ್ದು ತಡವಾಗಿ. ಆಂಗ್ಲಿಕನ್ ಮತದವರಲ್ಲದವರಿಗಿದ್ದ ಅಡ್ಡಿಗಳು ಕಾನೂನಿನಲ್ಲಿ ತೊಲಗಿದ್ದು 1871ರಲ್ಲಿ. 1891ರಲ್ಲಿ ಕೇಂಬ್ರಿಜ್‌ನಲ್ಲಿ, 1896ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಚರ್ಚಾಕೂಟ 'ಮಜ್ಲಿಸ್' ಹುಟ್ಟಿತು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ನೆಹರೂ 1907ರಲ್ಲಿ ಹೋದರು. ಹೆಣ್ಣುಮಕ್ಕಳದ್ದು ಬೇರೆಯೇ ಕಥೆ. ಪುಣೆಯ ಕಾರ್ನೇಲಿಯಾ ಸೊರಾಬ್ಜಿ 1889ರಲ್ಲಿ ಆಕ್ಸ್‌ಫರ್ಡ್‌ನ ಸೋಮರ್‌ವಿಲ್ ಸೇರಿ, 1892ರಲ್ಲಿ ಕಾನೂನಿನ ಪರೀಕ್ಷೆಯನ್ನೂ ಬರೆದರು. ಪದವಿ ಮಾತ್ರ ಕೊಡಲಿಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದು 1920ರಲ್ಲಿ. ಕೇಂಬ್ರಿಜ್ 1948ರವರೆಗೂ ಒಪ್ಪಲಿಲ್ಲ. ನಮಗೆ ಸ್ವಾತಂತ್ರ್ಯ ಬಂದ ಮೇಲಿನ ಮಾತು ಅದು.

ಕಾಲೇಜು ಸೂರು ಕೊಟ್ಟ ಮಾತ್ರಕ್ಕೆ ಆ ಸೂರಿನಡಿ ಬದುಕುವುದನ್ನು ಯಾರೂ ಹೇಳಿಕೊಡುವುದಿಲ್ಲ. ಶ್ರೀನಿವಾಸ ರಾಮಾನುಜನ್ 1914ರಲ್ಲಿ ಕೇಂಬ್ರಿಜ್‌ಗೆ ಬಂದರು. ಅಲ್ಲೇ ಕಿಂಗ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಪಿ.ಸಿ. ಮಹಲನೋಬಿಸ್ ಒಮ್ಮೆ ಅವರ ಕೋಣೆಗೆ ಹೋದಾಗ ರಾತ್ರಿ ಚಳಿ ತಡೆಯಲಾಗುತ್ತಿಲ್ಲ, ಓವರ್‌ಕೋಟು ಹಾಕಿ ಶಾಲು ಹೊದ್ದು ಮಲಗುತ್ತೇನೆ ಎಂದರಂತೆ ರಾಮಾನುಜನ್. ಹೊದಿಕೆ ಇಲ್ಲವೇ ಎಂದು ಮಹಲನೋಬಿಸ್ ಹಾಸಿಗೆ ನೋಡಿದರೆ, ಕಂಬಳಿಗಳೆಲ್ಲ ಇವೆ! ಅಂಚುಗಳನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿ ಮೇಲೊಂದು ಹೊದಿಕೆ ಹಾಸಿಟ್ಟಿದ್ದಾರೆ. ಅದನ್ನು ಬಿಡಿಸಿ ಒಳಗೆ ತೂರಿಕೊಳ್ಳಬೇಕೆಂದು ರಾಮಾನುಜನ್‌ಗೆ ತಿಳಿದಿರಲಿಲ್ಲ. ಅವರು ಮಲಗುತ್ತಿದ್ದದ್ದು ಕಂಬಳಿಗಳ ಮೇಲೆ. ಸಂಖ್ಯೆಗಳ ಅಂತರಂಗ ಬಲ್ಲವರಿಗೆ ಇಂಗ್ಲಿಷ್ ಹಾಸಿಗೆಯ ಅಂತರಂಗ ತಿಳಿಯಲಿಲ್ಲ ಎಂದು ನಗಬಹುದು. ಆದರೆ ಇದರಲ್ಲಿ ಇಡೀ ವಿಷಯವೇ ಅಡಗಿದೆ. ಹೊದಿಕೆ ಅಲ್ಲೇ ಇತ್ತು, ಬಿಡಿಸಿ ತೋರಿಸುವವರಿರಲಿಲ್ಲ. ಯುದ್ಧಕಾಲದಲ್ಲಿ ಸಸ್ಯಾಹಾರಿ ಪದಾರ್ಥಕ್ಕೆ ತತ್ವಾರ, ಅಡುಗೆ ತಮ್ಮ ಕೋಣೆಯಲ್ಲೇ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಟ್ರಿನಿಟಿಯ ಫೆಲೋ ಆದರು, ಮರುವರ್ಷ ಕಾಯಿಲೆ ಹೊತ್ತು ಮರಳಿದರು, 1920ರಲ್ಲಿ ತೀರಿಕೊಂಡರು.

ಈಗ ಬಿಡಿಸಿ ತೋರಿಸುವವರು ಇದ್ದಾರೆ. ಹಾಸನದ ಹುಡುಗಿಯೊಬ್ಬಳು ಅಕ್ಟೋಬರ್ ಮೊದಲ ವಾರ ಎರಡು ಸೂಟ್‌ಕೇಸ್ ಎಳೆದುಕೊಂಡು ಕಾಲೇಜಿನ ಹೆಬ್ಬಾಗಿಲಿಗೆ ಬಂದಳೆಂದುಕೊಳ್ಳಿ. ಬಾಗಿಲಲ್ಲೇ ಪೋರ್ಟರ್‌ಗಳ ಕೋಣೆ. ಪೋರ್ಟರ್ ಎಂದರೆ ನಮ್ಮ ರೈಲ್ವೆ ಹಮಾಲಿಯಲ್ಲ. ಕಾವಲುಗಾರ, ಅಂಚೆಯವ, ವಿಳಾಸ ತಿಳಿಸುವವ, ನಡುರಾತ್ರಿ ಬೀಗದ ಕೈ ಕಳೆದುಕೊಂಡವರ ಆಪದ್ಬಾಂಧವ ಎಲ್ಲ ಅವನೇ. ಮೂರನೇ ದಿನಕ್ಕೆ ಅವನಿಗೆ ಇವಳ ಹೆಸರು ಬಾಯಿಪಾಠ. ಪದವಿ ತರಗತಿಗೆ ಬಂದವಳಾದರೆ ಎರಡನೇ ವರ್ಷದ ಇಬ್ಬರು ಇವಳ 'ಅಪ್ಪ ಅಮ್ಮ' ಆಗಿ ನೇಮಕವಾಗಿರುತ್ತಾರೆ. ಹಳೆಯ ಕಾಲೇಜುಗಳಲ್ಲಿ ಕೋಣೆಗಳು ಉದ್ದದ ಓಣಿಯಲ್ಲಿರದೆ ಮೆಟ್ಟಿಲ ಸಾಲಿನ ಸುತ್ತ ಇರುತ್ತವೆ. ಆ ಮೆಟ್ಟಿಲಿನ ಐದಾರು ಮಂದಿಯೇ ವರ್ಷವಿಡೀ ನೆರೆಹೊರೆ. ಶಬ್ದಕೋಶವನ್ನೂ ಹೊಸದಾಗಿ ಕಲಿಯಬೇಕು. ಕೋಣೆ ಗುಡಿಸುವವರು ಆಕ್ಸ್‌ಫರ್ಡ್‌ನಲ್ಲಿ 'ಸ್ಕೌಟ್', ಕೇಂಬ್ರಿಜ್‌ನಲ್ಲಿ 'ಬೆಡ್ಡರ್'. ಆಕ್ಸ್‌ಫರ್ಡ್ ಕಾಲೇಜಿನ ಬಿಲ್ಲು 'ಬ್ಯಾಟಲ್ಸ್'. ಮೊದಲ ವಾರಕ್ಕಿಂತ ಮೊದಲಿನದು 'ಸೊನ್ನೆಯ ವಾರ'. ಆಕ್ಸ್‌ಫರ್ಡ್‌ನ 'ಟ್ಯುಟೋರಿಯಲ್' ಕೇಂಬ್ರಿಜ್‌ನಲ್ಲಿ 'ಸೂಪರ್‌ವಿಷನ್'. ಬರೆಯುವುದೊಂದು, ಕರೆಯುವುದೊಂದು: ಮ್ಯಾಗ್ಡಲೆನ್ ಎಂದು ಓದಿದರೆ ನಗುತ್ತಾರೆ, ಅದು ಮಾಡ್ಲಿನ್, ಕೇಂಬ್ರಿಜ್‌ನ ಕೈಯಸ್ ಎಂಬುದು ಕೀಸ್. ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನ ದೊಡ್ಡ ಗಂಟೆ ರಾತ್ರಿ ಒಂಬತ್ತು ಗಂಟೆ ಐದು ನಿಮಿಷಕ್ಕೆ 101 ಬಾರಿ ಹೊಡೆಯುತ್ತದೆ. ಹಿಂದೆ ಅಲ್ಲಿದ್ದ 101 ವಿದ್ಯಾರ್ಥಿಗಳು ಒಳಗೆ ಸೇರಬೇಕಾದ ಹೊತ್ತು ಅದು. ಆಕ್ಸ್‌ಫರ್ಡ್‌ನ ಸೂರ್ಯ ಗ್ರೀನಿಚ್‌ಗಿಂತ ಐದು ನಿಮಿಷ ಹಿಂದೆಂದು ಗಂಟೆಯೂ ಐದು ನಿಮಿಷ ತಡ. ಬಾಡ್ಲಿಯನ್ ಗ್ರಂಥಾಲಯಕ್ಕೆ ಸೇರುವವರು ಒಳಗೆ ಬೆಂಕಿ ಹೊತ್ತಿಸುವುದಿಲ್ಲವೆಂದು ಇಂದಿಗೂ ಪ್ರತಿಜ್ಞೆ ಮಾಡಬೇಕು. ಪರೀಕ್ಷೆಗೆ ಕಪ್ಪು ಗೌನು ತೊಟ್ಟು ಕಾರ್ನೇಷನ್ ಹೂ ಸಿಕ್ಕಿಸಿಕೊಂಡು ಹೋಗುತ್ತಾರೆ: ಮೊದಲ ದಿನ ಬಿಳಿ, ನಡುವೆ ಗುಲಾಬಿ, ಕೊನೆಯ ದಿನ ಕೆಂಪು. ಇವನ್ನೆಲ್ಲ ನೋಡಿ ಮರುಳಾಗುವವರೂ ಇದ್ದಾರೆ, ಬೂಟಾಟಿಕೆ ಎನ್ನುವವರೂ ಇದ್ದಾರೆ. ನನಗೆ ಇವು ನಮ್ಮ ಜಾತ್ರೆಯ ಕಟ್ಟಳೆಗಳಂತೆ ಕಾಣುತ್ತವೆ. ಹೊರಗಿನವರು ಬೇಗ ಕಲಿತು ಒಳಗಿನವರಾಗಲು ಇವು ಅನುಕೂಲ. ಕಲಿಯಲು ಕಷ್ಟವಾದದ್ದು ಬೇರೆ ಇದೆ.

ಅದು ಟ್ಯುಟೋರಿಯಲ್. ಗುರು ಒಬ್ಬರು, ಎದುರಿಗೆ ಒಬ್ಬರೋ ಇಬ್ಬರೋ ಹೆಚ್ಚೆಂದರೆ ಮೂವರೋ ವಿದ್ಯಾರ್ಥಿಗಳು, ವಾರಕ್ಕೆ ಒಂದೆರಡು ಗಂಟೆ. ಕಲಾ ವಿಷಯದವರಿಗೆ ಹಿಂದಿನ ವಾರವೇ ಒಂದು ಪ್ರಶ್ನೆ, ಹತ್ತಾರು ಪುಸ್ತಕಗಳ ಪಟ್ಟಿ ಸಿಕ್ಕಿರುತ್ತದೆ. ಪ್ರಬಂಧ ಬರೆದು ತರಬೇಕು. ವಿಜ್ಞಾನದವರಿಗೆ ಲೆಕ್ಕಗಳ ಹಾಳೆ. ನಮ್ಮ ಹುಡುಗಿ ಪುಸ್ತಕಗಳನ್ನೆಲ್ಲ ಓದಿ, ಯಾರು ಏನು ಹೇಳಿದ್ದಾರೆಂದು ಅಚ್ಚುಕಟ್ಟಾಗಿ ಜೋಡಿಸಿ ತಂದಿದ್ದಾಳೆ. ಪಿಯುಸಿಯಲ್ಲಿ ರ‍್ಯಾಂಕು ತಂದುಕೊಟ್ಟ ಕಲೆ ಅದು. ಗುರುಗಳು ಪೂರ್ತಿ ಕೇಳಿ, ಇದೆಲ್ಲ ಸರಿ, ಇದರಲ್ಲಿ ನೀನು ಯಾವುದನ್ನು ಒಪ್ಪುತ್ತೀ, ಏಕೆ ಒಪ್ಪುತ್ತೀ ಎನ್ನುತ್ತಾರೆ. ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪಕ್ಕದಲ್ಲಿ ಕೂತ ಇಂಗ್ಲಿಷ್ ಹುಡುಗ ಅರ್ಧ ಪುಸ್ತಕ ಓದಿದವನು, ಆದರೆ ಬಾಯಿ ತೆರೆದು ಏನೋ ವಾದ ಹೂಡುತ್ತಾನೆ. ಹಿರಿಯರ ಮಾತಿಗೆ ಎದುರಾಡಬಾರದೆಂದು ಮನೆಯಲ್ಲೂ ಶಾಲೆಯಲ್ಲೂ ಕಲಿತು ಬಂದವಳಿಗೆ ಇಲ್ಲಿ ಎದುರಾಡದಿದ್ದರೆ ಬೆಲೆಯಿಲ್ಲ ಎಂಬುದು ಅರಗಲು ಒಂದು ಅವಧಿಯಾದರೂ ಬೇಕು. ಅವಧಿಯೋ, ಎಂಟೇ ವಾರ. ಐದನೇ ವಾರಕ್ಕೆ ಎಲ್ಲರಿಗೂ ಮಂಕು ಕವಿಯುತ್ತದೆಂದು ಅದಕ್ಕೊಂದು ಹೆಸರನ್ನೇ ಇಟ್ಟುಕೊಂಡಿದ್ದಾರೆ.

ಇಷ್ಟಾದರೂ, ಅಲ್ಲಿ ನಿಜವಾಗಿ ಬೆಲೆಬಾಳುವುದು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರನ್ನೇ ನೋಡಿ. ಕೊಡವರ ಬಗ್ಗೆ ಅವರು ವಿಷಯ ಸಂಗ್ರಹಿಸಿದ್ದು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗಿದ್ದಾಗ. 1945ರಲ್ಲಿ ಆ ಕಟ್ಟನ್ನೇ ಹೊತ್ತು ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ಮಾನವಶಾಸ್ತ್ರಜ್ಞರಾದ ರಾಡ್‌ಕ್ಲಿಫ್-ಬ್ರೌನ್, ಅವರ ನಂತರ ಇವಾನ್ಸ್-ಪ್ರಿಚರ್ಡ್ ಮುಂದೆ ಕೂತಾಗ ಅದೇ ಸಾಮಗ್ರಿ ಬೇರೆಯಾಗಿ ಕಂಡಿತು. ಆಚರಣೆಗಳ ಪಟ್ಟಿಯಾಗಿದ್ದದ್ದು ಸಮಾಜದ ಕಟ್ಟೋಣದ ಪ್ರಶ್ನೆಯಾಯಿತು. 1952ರಲ್ಲಿ ಬಂದ ಕೊಡವರ ಕುರಿತ ಅವರ ಗ್ರಂಥ, ಸಂಸ್ಕೃತೀಕರಣವೆಂಬ ಪರಿಕಲ್ಪನೆ ಹುಟ್ಟಿದ್ದು ಹೀಗೆ. ಆಕ್ಸ್‌ಫರ್ಡ್ ಅವರಿಗೆ ಹೊಸ ಮಾಹಿತಿ ಕೊಡಲಿಲ್ಲ. ಮಾಹಿತಿ ಕೊಡಗಿನದು, ಅಲ್ಲಿ ಸಿಕ್ಕಿದ್ದು ಕೇಳುವ ಬಗೆ. ಅಲ್ಲೇ ಅಧ್ಯಾಪಕರಾದ ಮೇಲೆ, ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಬಳಸುವ ಅವಕಾಶ ಸಿಕ್ಕಿ, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಬಂದು ಕೂತರು. ಅವರು 'ರಾಂಪುರ' ಎಂದು ಕರೆದ ಆ ಹಳ್ಳಿ ಇವತ್ತು ಜಗತ್ತಿನ ಸಮಾಜಶಾಸ್ತ್ರ ವಿದ್ಯಾರ್ಥಿಗಳಿಗೆಲ್ಲ ಗೊತ್ತು.

ಗಿರೀಶ ಕಾರ್ನಾಡರದ್ದು ತಿರುಗುಮುರುಗು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡ್‌ನ ಮಾಡ್ಲಿನ್ ಕಾಲೇಜಿಗೆ ಹೊರಟವರು. ಇಂಗ್ಲಿಷ್ ಕವಿಯಾಗುವ ಕನಸಿದ್ದ ಹುಡುಗ. ಆದರೆ ಹೊರಡುವ ತಯಾರಿಯ ದಿನಗಳಲ್ಲೇ ಅವರ ಕೈಯಿಂದ ಬಂದದ್ದು ಕನ್ನಡದ 'ಯಯಾತಿ'. ಹೋಗಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು, ಆಕ್ಸ್‌ಫರ್ಡ್ ಯೂನಿಯನ್‌ನ ಅಧ್ಯಕ್ಷರಾದರು, 1963ರಲ್ಲಿ ಮರಳಿ ಬಂದು 'ತುಘಲಕ್' ಬರೆದರು. (ಯೂನಿಯನ್ ಎಂದರೆ ಚರ್ಚಾಕೂಟ. ವಿದ್ಯಾರ್ಥಿ ಸಂಘ ಬೇರೆಯದು. 2021ರಲ್ಲಿ ಉಡುಪಿ ಕಡೆಯ ವಿದ್ಯಾರ್ಥಿನಿ ಅಧ್ಯಕ್ಷೆಯಾಗಿ ಚುನಾಯಿತರಾಗಿ, ಹಳೆಯ ಜಾಲತಾಣ ಬರಹಗಳ ವಿವಾದದಲ್ಲಿ ಕೆಲವೇ ದಿನಕ್ಕೆ ರಾಜೀನಾಮೆ ಕೊಟ್ಟದ್ದು ಆ ಎರಡನೆಯದರಲ್ಲಿ. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ.) ಕಾರ್ನಾಡರಿಗಿಂತ ಮೊದಲು ವಿ.ಕೃ. ಗೋಕಾಕರು ಮೂವತ್ತರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರಥಮ ದರ್ಜೆ ಗಳಿಸಿ ಬಂದಿದ್ದರು. ಆ ಹಡಗಿನ ಪಯಣ ಕನ್ನಡಕ್ಕೆ ಸಮುದ್ರದ ಕವಿತೆಗಳನ್ನು ಕೊಟ್ಟಿತು. ಸಿ.ಡಿ. ನರಸಿಂಹಯ್ಯನವರು ಕೇಂಬ್ರಿಜ್‌ನಲ್ಲಿ ವಿಮರ್ಶಕ ಎಫ್.ಆರ್. ಲೀವಿಸರಿಂದ ಕಲಿತ ಓದಿನ ಶಿಸ್ತನ್ನು ಮೈಸೂರಿಗೆ ತಂದು 'ಧ್ವನ್ಯಾಲೋಕ' ಎಂಬ ಅಧ್ಯಯನ ಕೇಂದ್ರ ಕಟ್ಟಿದರು. ಇತ್ತ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ 1936ರಿಂದ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ದಾರಿ ಒಂದೇ ಕಡೆಯದಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತು ಹೇಳದೆ ನಿರ್ವಾಹವಿಲ್ಲ. ಆಕ್ಸ್‌ಫರ್ಡ್‌ನ ಇಪ್ಪತ್ತಾರು ಸಾವಿರದಷ್ಟು ವಿದ್ಯಾರ್ಥಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೊರದೇಶದವರು. ಆದರೆ ಅವರಲ್ಲಿ ಹೆಚ್ಚಿನವರು ಸ್ನಾತಕೋತ್ತರದಲ್ಲಿದ್ದಾರೆ. ಪದವಿ ತರಗತಿಗಳಲ್ಲಿ ಕಾಲುಭಾಗ ಮಾತ್ರ. ನಮ್ಮವರೂ ಬಹುಪಾಲು ಹೋಗುವುದು ಒಂದು ವರ್ಷದ ಮಾಸ್ಟರ್ಸ್‌ಗೆ. ಟ್ಯುಟೋರಿಯಲ್ ಎಂಬ ಆ ಹೆಸರಾಂತ ಪದ್ಧತಿ ಇರುವುದು ಮುಖ್ಯವಾಗಿ ಪದವಿ ತರಗತಿಯವರಿಗೆ. ಮಾಸ್ಟರ್ಸ್‌ನಲ್ಲಿ ಹೆಚ್ಚಿನ ಕಡೆ ಉಪನ್ಯಾಸ, ಸೆಮಿನಾರ್, ಕೊನೆಗೊಂದು ಪ್ರಬಂಧ. ಅದು ಒಳ್ಳೆಯ ಪಾಠವೇ, ಆದರೆ ಅಂಥ ಪಾಠ ಬೇರೆ ಕಡೆಯೂ ಸಿಗುತ್ತದೆ. ಸಂಶೋಧನೆಗೆ ಹೋದವರ ಹಣೆಬರಹ ಮಾರ್ಗದರ್ಶಕರ ಕೈಯಲ್ಲಿ. ಈ ಇಬ್ಬರಿಗೂ ಕಾಲೇಜೆಂದರೆ ಮಲಗುವ ಕೋಣೆ, ಊಟದ ಮೇಜು, ಸ್ನೇಹಿತರ ಬಳಗ. ಅಷ್ಟಕ್ಕೇ ತೃಪ್ತಿಯಿದ್ದರೆ ಸರಿ. ನೆಹರೂ ಓದಿದ ಕಾಲೇಜಿನ ಹೆಸರು ಕೇಳಿ ಹೋಗಿ, ಆ ಹೆಸರಿನ ಜೊತೆಗೆ ಆ ಗುರುವೂ ಸಿಗುತ್ತಾನೆಂದುಕೊಂಡವರಿಗೆ ನಿರಾಸೆ ಖಂಡಿತ. ಸ್ನಾತಕೋತ್ತರದವರಿಗೆ ಚಿಂತಕ ಐಸಾಯಾ ಬರ್ಲಿನ್ ಮೊದಲ ಅಧ್ಯಕ್ಷರಾಗಿದ್ದ ಆಕ್ಸ್‌ಫರ್ಡ್‌ನ ವುಲ್ಫ್‌ಸನ್, ಕೇಂಬ್ರಿಜ್‌ನ ಡಾರ್ವಿನ್‌ನಂಥ ಅರವತ್ತರ ದಶಕದ ಹೊಸ ಕಾಲೇಜುಗಳೇ ಹೆಚ್ಚು ಹಿತ ಎಂದು ನನ್ನ ಅನಿಸಿಕೆ. ಗೋಪುರವಿಲ್ಲ, ಹುಲ್ಲುಹಾಸಿನ ಮೇಲೆ ಕಾಲಿಡಬೇಡಿ ಎನ್ನುವ ಗತ್ತೂ ಇಲ್ಲ. ವುಲ್ಫ್‌ಸನ್‌ನಲ್ಲಿ ಪ್ರಾಧ್ಯಾಪಕರಿಗೆ ಪ್ರತ್ಯೇಕ ಎತ್ತರದ ಮೇಜೇ ಇಲ್ಲ. ಎಲ್ಲರೂ ಒಂದೇ ಪಂಕ್ತಿ.

ದುಡ್ಡಿನ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ವಿದ್ಯಾರ್ಥಿಗೆ 2025-26ರಲ್ಲಿ ಪದವಿ ಶುಲ್ಕದ ಮಿತಿ ವರ್ಷಕ್ಕೆ 9,535 ಪೌಂಡ್ ಇತ್ತು. ಹೊರದೇಶದವರಿಗೆ ಮಿತಿಯೇ ಇಲ್ಲ. ಆಕ್ಸ್‌ಫರ್ಡ್‌ನಲ್ಲಿ ಅಗ್ಗದ ವಿಷಯಕ್ಕೂ ಇದರ ಮೂರೂವರೆ ಪಟ್ಟಿಗಿಂತ ಹೆಚ್ಚು. ಪ್ರಯೋಗಾಲಯದ ವಿಷಯಗಳಿಗೆ ಇನ್ನೂ ಜಾಸ್ತಿ. ಕೇಂಬ್ರಿಜ್‌ನಲ್ಲಿ ಪದವಿಗೆ ಬರುವ ಹೊರದೇಶದವರು ವಿಶ್ವವಿದ್ಯಾಲಯದ ಶುಲ್ಕದ ಮೇಲೆ ಕಾಲೇಜಿನ ಶುಲ್ಕವೆಂದು ಬೇರೆ ಹತ್ತು ಸಾವಿರ ಪೌಂಡ್ ಆಸುಪಾಸು ತೆರಬೇಕು. ವೀಸಾ ಶುಲ್ಕ ಬೇರೆ. ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡ್ ಮುಂಗಡ ಬೇರೆ. ಒಂಬತ್ತು ತಿಂಗಳ ಖರ್ಚಿನ ಹಣ 28 ದಿನ ಖಾತೆಯಲ್ಲಿ ಕದಲದೆ ಇತ್ತೆಂದು ತೋರಿಸಬೇಕು. ಎಷ್ಟೋ ಮನೆಗಳಲ್ಲಿ ಚಿಕ್ಕಪ್ಪ, ಸೋದರಮಾವಂದಿರ ಠೇವಣಿಗಳೆಲ್ಲ ಆ ತಿಂಗಳು ಒಂದೇ ಪಾಸ್‌ಬುಕ್ಕಿಗೆ ವಲಸೆ ಬರುತ್ತವೆ. ಪೌಂಡ್ ನೂರು ರೂಪಾಯಿ ದಾಟಿ ಬಹಳ ಕಾಲವಾಯಿತು. ಶುಲ್ಕ, ವಾಸ, ಊಟ ಸೇರಿ ಒಂದು ವರ್ಷದ ಮಾಸ್ಟರ್ಸ್‌ಗೆ ಐವತ್ತು ಲಕ್ಷ ಸುಲಭವಾಗಿ ದಾಟುತ್ತದೆ. ದುಡಿದು ಓದುತ್ತೇನೆ ಎನ್ನಲು ಬಾರದು: ವೀಸಾ ವಾರಕ್ಕೆ 20 ಗಂಟೆ ಕೆಲಸಕ್ಕೆ ಬಿಟ್ಟರೂ, ಪದವಿ ವಿದ್ಯಾರ್ಥಿಗಳು ಅವಧಿಯಲ್ಲಿ ಸಂಬಳದ ಕೆಲಸಕ್ಕೆ ಹೋಗುವುದನ್ನು ಈ ಎರಡೂ ಕಡೆ ಒಪ್ಪುವುದಿಲ್ಲ. ಓದು ಮುಗಿದ ಮೇಲೆ ಉಳಿದು ಕೆಲಸ ಹುಡುಕಲು ಸಿಗುತ್ತಿದ್ದ ಎರಡು ವರ್ಷವನ್ನು 2027ರ ಜನವರಿಯಿಂದ ಹದಿನೆಂಟು ತಿಂಗಳಿಗೆ ಇಳಿಸಲಾಗಿದೆ, ಪಿಎಚ್‌.ಡಿ. ಮಾಡಿದವರಿಗೆ ಮಾತ್ರ ಮೂರು ವರ್ಷ. ಮಾಸ್ಟರ್ಸ್‌ಗೆ ಹೋಗುವವರು ಗಂಡ ಹೆಂಡತಿ ಮಕ್ಕಳನ್ನು ಕರೆದೊಯ್ಯುವುದಕ್ಕೂ 2024ರಿಂದ ಬಹುಮಟ್ಟಿಗೆ ತಡೆ.

ಹಾಗಾದರೆ ಯಾರು ಹೋಗಬೇಕು? ಬೇರೆಯವರ ದುಡ್ಡಿನಲ್ಲಿ ಹೋಗಬಲ್ಲವರು. ಮರ್ಟನ್‌ನ ಕಾಲದಿಂದಲೂ ಈ ವ್ಯವಸ್ಥೆಯ ತಿರುಳು ಅದೇ. ರೋಡ್ಸ್ ವೇತನ 1902ರ ಉಯಿಲಿನಿಂದ ಬಂದದ್ದು, ಭಾರತಕ್ಕೆ 1947ರಿಂದ ಇದೆ, ವರ್ಷಕ್ಕೆ ಬೆರಳೆಣಿಕೆಯಷ್ಟು. ಸೆಸಿಲ್ ರೋಡ್ಸ್ ಆಫ್ರಿಕವನ್ನು ಸುಲಿದ ಹಣ ಅದು ಎಂಬ ಜಗಳ 2015ರಲ್ಲಿ ಆರಿಯಲ್ ಕಾಲೇಜಿನ ಎದುರು ಬೀದಿಗೇ ಬಂತು. ತೆಗೆಯಿರೆಂದು ಕೂಗೆದ್ದ ಅವನ ಪ್ರತಿಮೆ ಇನ್ನೂ ಆ ಕಾಲೇಜಿನಲ್ಲೇ ಇದೆ. ಕೇಂಬ್ರಿಜ್‌ನ ಗೇಟ್ಸ್ ವೇತನ ವರ್ಷಕ್ಕೆ ಎಂಬತ್ತರಷ್ಟು ಮಂದಿಗೆ, ಬ್ರಿಟನ್ ಬಿಟ್ಟು ಉಳಿದೆಲ್ಲ ದೇಶದವರಿಗೆ. ಆಕ್ಸ್‌ಫರ್ಡ್‌ನಲ್ಲಿ ಕ್ಲಾರೆಂಡನ್ ಇದೆ. ಕಾಮನ್‌ವೆಲ್ತ್, ಫೆಲಿಕ್ಸ್, ಇನ್‌ಲ್ಯಾಕ್ಸ್ ಇವೆ. ಪರಿಶಿಷ್ಟ ಜಾತಿಯವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಪರಿಶಿಷ್ಟ ಜಾತಿ-ಪಂಗಡದವರಿಗೆ ನಮ್ಮ ರಾಜ್ಯದ 'ಪ್ರಬುದ್ಧ' ಯೋಜನೆ ಇವೆ. ತಾಲ್ಲೂಕು ಕೇಂದ್ರದ ಕಾಲೇಜುಗಳ ಸೂಚನಾಫಲಕದಲ್ಲಿ ಇವು ಕಾಣುವುದು ಅಪರೂಪ, ಅದೇ ಬೇಸರ. ಇವೊಂದೂ ಸಿಗದೆ, ಮನೆ ಅಡವಿಟ್ಟು ಒಂದು ವರ್ಷದ ಮಾಸ್ಟರ್ಸ್‌ಗೆ ಹೋಗುವುದಾದರೆ, ಬೇಡ ಎಂದು ನೇರವಾಗಿ ಹೇಳುತ್ತೇನೆ. ಅದೇ ಹಂಬಲವನ್ನು ವೇತನವಿರುವ ಸಂಶೋಧನೆಗೆ ಎರಡು ವರ್ಷ ತಡವಾಗಿ ತಿರುಗಿಸಿದರೆ ನಷ್ಟವಿಲ್ಲ.

ಕಾಲೇಜಿನ ಆಯ್ಕೆಯಲ್ಲೂ ಹಣವೇ ಮಾತಾಡುತ್ತದೆ. ಕೇಂಬ್ರಿಜ್‌ನ ಟ್ರಿನಿಟಿಯಂಥ ಸಿರಿವಂತ ಕಾಲೇಜಿನಲ್ಲಿ ಪುಸ್ತಕಕ್ಕೆ, ಪ್ರವಾಸಕ್ಕೆ, ಕಷ್ಟಕಾಲಕ್ಕೆ ನೆರವು ಸಲೀಸು. ಬಡ ಕಾಲೇಜಿನಲ್ಲಿ ಅದೇ ಅರ್ಜಿಗೆ ವಿಷಾದದ ಉತ್ತರ. ಎಷ್ಟು ವರ್ಷ ಕೋಣೆ ಕೊಡುತ್ತಾರೆ, ರಜೆಯಲ್ಲಿ ಇರಗೊಡುತ್ತಾರೆಯೇ, ಸ್ವಂತ ಅಡುಗೆಗೆ ಒಲೆಯಿದೆಯೇ: ಕಟ್ಟಡದ ಚಂದಕ್ಕಿಂತ ಮೊದಲು ಕೇಳಬೇಕಾದ್ದು ಇವು. ಏಕೆಂದರೆ ವರ್ಷದಲ್ಲಿ ಪಾಠದ ಅವಧಿ ಮೂರು ಎಂಟುಗಳು, ಇಪ್ಪತ್ತನಾಲ್ಕೇ ವಾರ. ಎಂಟನೇ ವಾರ ಮುಗಿಯುತ್ತಿದ್ದಂತೆ ಎಷ್ಟೋ ಕಾಲೇಜುಗಳಲ್ಲಿ ಪದವಿಯವರು ಕೋಣೆ ಖಾಲಿ ಮಾಡಬೇಕು. ಸಮ್ಮೇಳನಗಳ ಅತಿಥಿಗಳು ಬರುತ್ತಾರೆ. ಇಂಗ್ಲಿಷ್ ಹುಡುಗರನ್ನು ಅಪ್ಪಂದಿರು ಕಾರಿನಲ್ಲಿ ಬಂದು ಕರೆದೊಯ್ಯುತ್ತಾರೆ. ನಮ್ಮ ಹುಡುಗಿ ಡಬ್ಬಗಳನ್ನು ಕಾಲೇಜಿನ ನೆಲಮಾಳಿಗೆಗೆ ಹೊತ್ತು ಹಾಕಿ, ಅರ್ಜಿ ಕೊಟ್ಟು, ಪ್ರತ್ಯೇಕ ಬಾಡಿಗೆ ತೆತ್ತು, ಇನ್ನೊಂದು ಮೆಟ್ಟಿಲಿನ ಯಾವುದೋ ಕೋಣೆಯಲ್ಲಿ ಡಿಸೆಂಬರ್ ಕಳೆಯಬೇಕು. ಊಟದ ಹಾಲ್ ಮುಚ್ಚಿದೆ. ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಆಗ ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಹೊರಗೆ ಬರುತ್ತದೆ. ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ, ಇಂಗು ಹಾಕಿದ ಅರೆಗಳಿಗೆಗೆ ಚಾವಣಿಯ ಹೊಗೆಗಂಟೆ ಅರಚಿಕೊಂಡು, ಉಳಿದ ನಾಲ್ಕಾರು ಮಂದಿ, ಕೊರಿಯಾದವ, ನೈಜೀರಿಯಾದವಳು, ಬ್ರೆಜಿಲ್‌ನವ, ರಾತ್ರಿ ಉಡುಪಿನಲ್ಲೇ ಅಂಗಳಕ್ಕೆ ಓಡಿಬರುತ್ತಾರೆ. ಪೋರ್ಟರ್ ಬಂದು ಕಿಟಕಿ ತೆರೆದು, ಮೂಗರಳಿಸಿ, ಏನಿದು ಎಂದು ಕೇಳುತ್ತಾನೆ. ಆ ರಾತ್ರಿ ಸಾರು ಏಳು ಜನಕ್ಕೆ ಹಂಚಿಹೋಗುತ್ತದೆ. ಕಾಲೇಜು ಎಂಬುದರ ಮೂಲ ಅರ್ಥಕ್ಕೆ ಇಷ್ಟು ಹತ್ತಿರವಾದ ಊಟ ಮೇಣದಬತ್ತಿ ಹಚ್ಚಿ ಗೌನು ತೊಟ್ಟು ಉಣ್ಣುವ ಫಾರ್ಮಲ್ ಹಾಲ್‌ನಲ್ಲಿ ಸಿಗುವುದು ಕಷ್ಟ.

ಅರ್ಜಿಯ ಬಗ್ಗೆ ನಾಲ್ಕು ಮಾತು. ಪದವಿಗೆ ಒಂದೇ ವರ್ಷ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಅರ್ಜಿ ಹಾಕುವಂತಿಲ್ಲ, ಒಂದನ್ನು ಆರಿಸಬೇಕು. ಹಲವು ವಿಷಯಗಳಿಗೆ ಪ್ರವೇಶ ಪರೀಕ್ಷೆಯಿದೆ, ಡಿಸೆಂಬರ್‌ನಲ್ಲಿ ಸಂದರ್ಶನ. ಸಂದರ್ಶನವೆಂದರೆ ಪುಟ್ಟ ಟ್ಯುಟೋರಿಯಲ್ಲೇ. ಉತ್ತರ ಗೊತ್ತಿಲ್ಲದಾಗ ಹೇಗೆ ಯೋಚಿಸುತ್ತೀರಿ ಎಂದು ನೋಡುತ್ತಾರೆ. ಕೋಚಿಂಗ್ ಸೆಂಟರ್‌ನ ಸಿದ್ಧ ಉತ್ತರ ಇಲ್ಲಿ ಕೆಲಸಕ್ಕೆ ಬಾರದು. ಕಾಲೇಜಿನ ಹೆಸರು ಬರೆಯದೆ ಮುಕ್ತ ಅರ್ಜಿಯನ್ನೂ ಹಾಕಬಹುದು. ಒಂದು ಕಾಲೇಜಿಗೆ ಹೆಚ್ಚಾದವರನ್ನು ಇನ್ನೊಂದು ಕರೆದುಕೊಳ್ಳುವ ಪದ್ಧತಿಯೂ ಇದೆ. ಸ್ನಾತಕೋತ್ತರಕ್ಕೆ ಮೊದಲು ವಿಭಾಗ ಆರಿಸುತ್ತದೆ, ಆಮೇಲೆ ಕಾಲೇಜು. ಊರಿನ ಹೆಸರು ನೋಡಿ ಮೋಸಹೋಗಬೇಡಿ: ಆಕ್ಸ್‌ಫರ್ಡ್ ಬ್ರೂಕ್ಸ್ ಬೇರೆಯೇ ವಿಶ್ವವಿದ್ಯಾಲಯ, ಕೇಂಬ್ರಿಜ್‌ನಲ್ಲಿರುವ ಆಂಗ್ಲಿಯಾ ರಸ್ಕಿನ್ ಕೂಡ ಬೇರೆ. ಬೇಸಿಗೆಯಲ್ಲಿ ಕಾಲೇಜಿನ ಖಾಲಿ ಕೋಣೆ ಬಾಡಿಗೆಗೆ ಹಿಡಿದು ಎರಡು ವಾರದ ತರಗತಿ ನಡೆಸಿ ಪ್ರಮಾಣಪತ್ರ ಕೊಡುವ ಖಾಸಗಿಯವರಿದ್ದಾರೆ. ಆ ಕಾಗದಕ್ಕೂ ವಿಶ್ವವಿದ್ಯಾಲಯಕ್ಕೂ ಸಂಬಂಧವಿಲ್ಲ.

ಸ್ನಾತಕೋತ್ತರದ ಬಹಳಷ್ಟು ಅರ್ಜಿಗಳು, ಅವುಗಳ ಜೊತೆಗಿನ ವಿದ್ಯಾರ್ಥಿವೇತನಗಳು ಡಿಸೆಂಬರ್-ಜನವರಿಗೆ ಮುಗಿಯುತ್ತವೆ. ರೋಡ್ಸ್ ಅರ್ಜಿ ಮಳೆಗಾಲದಲ್ಲೇ ಮುಗಿದಿರುತ್ತದೆ. ಪದವಿಗೆ ಕೊನೆಯ ದಿನ ಓದು ಶುರುವಾಗುವ ಹಿಂದಿನ ವರ್ಷದ ಅಕ್ಟೋಬರ್ 15, ಬ್ರಿಟನ್‌ನಲ್ಲಿ ಸಂಜೆ ಆರು ಗಂಟೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ. ಹೆಚ್ಚುಕಮ್ಮಿ ದಸರೆಯ ದಿನಗಳು. ಮನೆಯ ತುಂಬ ನೆಂಟರಿರುತ್ತಾರೆ, ಇಂಟರ್‌ನೆಟ್ ಕೈಕೊಡುತ್ತದೆ. ನಾಲ್ಕು ದಿನ ಮೊದಲೇ ಕಳಿಸಿಬಿಡಿ.